ಹಳೇ ಮನೆಯ ಚರಿತ್ರೆ ಹುಡುಕೋದು ಹೇಗೆ? ಬಸವನಗುಡಿಯ ಒಂದು ಮನೆಯನ್ನು ಇಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಬಸವನಗುಡಿಯ ನಮ್ಮ ಮನೆ ಕಟ್ಟಿದ್ದು ಯಾವಾಗ ಅಂತ ಕೇಳಿದರೆ ಮೂರು ಉತ್ತರ ಸಿಗುತ್ತಿದ್ದವು. ದೊಡ್ಡಪ್ಪ ‘ಪ್ಲೇಗ್ ಬಂದ ವರ್ಷ’ ಅನ್ನುತ್ತಿದ್ದರು. ಸೋದರತ್ತೆ ‘ನಮ್ಮಪ್ಪನ ಮದುವೆ ಆದ ವರ್ಷ, ಮದುವೆ ಆಗಿದ್ದೇ ಈ ಮನೇಲಿ’ ಅನ್ನುತ್ತಿದ್ದರು. ಬಚ್ಚಲುಮನೆಯ ಮೇಲಿನ ಹೆಂಚು 1865 ಅನ್ನುತ್ತಿತ್ತು. ಮೂರೂ ತಪ್ಪು. ಸರಿಯಾದ ಉತ್ತರ ನಮ್ಮ ಮನೆಯ ಯಾವ ಕಾಗದದಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಪಕ್ಕದ ಮನೆಯವರ ಪತ್ರದಲ್ಲಿ.

ಅಲ್ಲಿಗೆ ಮುಟ್ಟಲು ನನಗೆ ಎರಡು ವರ್ಷ ಹಿಡಿಯಿತು. ಅರ್ಧ ಸಮಯ ತಪ್ಪು ಕಡೆಯಿಂದ ಶುರು ಮಾಡಿದ್ದಕ್ಕೇ ಹೋಯಿತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಬಸವನಗುಡಿಯವು. ಮಲ್ಲೇಶ್ವರ, ಚಾಮರಾಜಪೇಟೆಯವರಿಗೂ ಬಹುಪಾಲು ಇದೇ ದಾರಿ. ಬೇರೆ ಊರಿನವರಿಗೆ ಎಲ್ಲಿ ದಾರಿ ಕವಲೊಡೆಯುತ್ತದೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮನುಷ್ಯರ ಹತ್ತಿರ ಹೋಗಿ

ಎಲ್ಲರೂ ಮಾಡುವ ತಪ್ಪು ಇದೇ. ಕುತೂಹಲ ಹುಟ್ಟಿದ ಕೂಡಲೇ ಕಚೇರಿಗೆ ಓಡುತ್ತೇವೆ. ರಿಜಿಸ್ಟ್ರಾರ್ ಕಚೇರಿಯ ಪುಸ್ತಕ ನೂರು ವರ್ಷ ಕಾದಿದೆ, ಇನ್ನೊಂದು ವರ್ಷ ಕಾಯುತ್ತದೆ. ತೊಂಬತ್ತು ದಾಟಿದ ಅತ್ತೆ ಕಾಯುವುದಿಲ್ಲ. ಈ ವಾರವೇ ಹೋಗಿ.

ಕೇಳುವುದಕ್ಕೂ ಒಂದು ರೀತಿ ಇದೆ. ‘ಯಾವ ವರ್ಷ?’ ಅಂತ ಕೇಳಬೇಡಿ. ವಯಸ್ಸಾದವರಿಗೆ ಇಸವಿ ನೆನಪಿರುವುದು ಕಡಿಮೆ. ನೀವು ಒತ್ತಾಯ ಮಾಡಿದರೆ ಏನೋ ಒಂದು ಹೇಳಿಬಿಡುತ್ತಾರೆ, ಆಮೇಲೆ ಅದೇ ಸತ್ಯ ಅಂತ ಮನೆಯೆಲ್ಲ ಹರಡುತ್ತದೆ. ಬದಲಿಗೆ ಹೀಗೆ ಕೇಳಿ. ಆಗ ಮನೆಗೆ ನಲ್ಲಿ ಬಂದಿತ್ತಾ, ಬಾವಿಯಿಂದ ಸೇದ್ತಿದ್ರಾ? ಗಾಂಧೀಜಿ ತೀರಿಕೊಂಡ ಸುದ್ದಿ ಬಂದಾಗ ನೀವು ಯಾವ ರೂಮಲ್ಲಿ ಇದ್ರಿ? ಅಡಿಗೆಮನೆ ಆಗಲೂ ಇಲ್ಲೇ ಇತ್ತಾ? ನಿಮ್ಮ ಬಾಣಂತನ ಯಾವ ಕೋಣೇಲಿ ಆಯ್ತು? ಜಾಗ ಹಿಡಿದು ಕೇಳಿದರೆ ನೆನಪು ತಾನಾಗೇ ಬರುತ್ತದೆ. ಸಾಧ್ಯವಾದರೆ ಅವರನ್ನು ಮನೆಗೇ ಕರೆದುಕೊಂಡು ಹೋಗಿ ಕೂರಿಸಿ. ನಮ್ಮ ಅತ್ತೆ ನಡುಮನೆಯಲ್ಲಿ ಕೂತು ಮಾತಾಡುತ್ತಾ ಇದ್ದವರು ತಟ್ಟನೆ ಎದ್ದು ಒಂದು ಗೋಡೆ ಮುಟ್ಟಿ, ‘ಇಲ್ಲೊಂದು ಬಾಗಿಲಿತ್ತು ಕಣೋ, ಆ ಕಡೆ ಬಾಡಿಗೆಯವರಿದ್ರು’ ಅಂದರು. ಗೋಡೆ ತಟ್ಟಿದರೆ ಅಷ್ಟು ಜಾಗ ಮಾತ್ರ ಟೊಳ್ಳು ಸದ್ದು. ನಾನು ನಲವತ್ತು ವರ್ಷ ಆ ಗೋಡೆಗೆ ಒರಗಿಕೊಂಡು ಪೇಪರ್ ಓದಿದ್ದೆ.

ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೊದಲೇ ಕೇಳಿಯೇ ಮಾಡಿ. ಶುರುವಿನಲ್ಲಿ ದಿನಾಂಕ, ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ನಿಮ್ಮ ದನಿಯಲ್ಲೇ ಹೇಳಿ. ಒಂದು ಗಂಟೆಗಿಂತ ಜಾಸ್ತಿ ಬೇಡ, ಅವರಿಗೆ ಸುಸ್ತಾಗುತ್ತದೆ. ಇನ್ನೊಂದು ದಿನ ಹೋದರಾಯಿತು. ಎರಡನೇ ಸಲವೇ ಒಳ್ಳೊಳ್ಳೆ ಸಂಗತಿ ಬರುವುದು, ಯಾಕೆಂದರೆ ನಡುವಿನ ದಿನಗಳಲ್ಲಿ ಅವರು ಅದನ್ನೇ ಯೋಚಿಸುತ್ತಾ ಇರುತ್ತಾರೆ.

ಮನೆಯವರನ್ನು ಮಾತ್ರ ಕೇಳಿ ನಿಲ್ಲಿಸಬೇಡಿ. ಹಿಂದಿನ ಬಾಡಿಗೆದಾರರು, ಮನೆಗೆಲಸಕ್ಕೆ ಬರುತ್ತಿದ್ದವರ ಮಕ್ಕಳು, ಸುಣ್ಣ ಬಳಿಯುತ್ತಿದ್ದವರು, ಹಾಲು ಹಾಕುತ್ತಿದ್ದವರು, ಇವರಿಗೆ ಗೊತ್ತಿರುವ ಮನೆಯೇ ಬೇರೆ. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿ ಇರುತ್ತಿತ್ತು. ಹಿತ್ತಿಲ ಕೊನೆಯ ಕಕ್ಕಸಿನ ಮಲ ಎತ್ತಿಕೊಂಡು ಹೋಗಲು ಜನ ಬರುತ್ತಿದ್ದದ್ದು ಆ ಗಲ್ಲಿಯಿಂದ. ಅವರು ಮುಂಬಾಗಿಲನ್ನು ನೋಡಿದ್ದೇ ಇಲ್ಲ. ಹಿಂದಿನ ಕಾಂಪೌಂಡು ಗೋಡೆಯಲ್ಲಿ ನೆಲಕ್ಕೆ ತಾಗಿದ ಹಾಗೆ ಒಂದು ಚಿಕ್ಕ ಕಿಂಡಿಯನ್ನು ಇಟ್ಟಿಗೆ ಹಾಕಿ ಮುಚ್ಚಿದ್ದು ಕಂಡರೆ, ಅದು ಅದೇ. ಮನೆಯ ಚರಿತ್ರೆ ಬರೆಯುವವರು ಮಾಂಕಿ ಟಾಪಿನ (ಕಿಟಕಿಯ ಮೇಲಿನ ಮರದ ಪಟ್ಟಿಯ ಚೂಪು ಮಾಡಿನ) ಫೋಟೋ ಹಾಕಿ ಈ ಕಿಂಡಿಯನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಮನೆಯನ್ನೇ ಓದಿ

ಒಂದು ಟಾರ್ಚು, ಅಳತೆ ಟೇಪು, ನೋಟ್‌ಪುಸ್ತಕ ಸಾಕು. ಬೆಳಿಗ್ಗೆ ಓರೆ ಬಿಸಿಲಿರುವಾಗ ಶುರು ಮಾಡಿ. ಗೋಡೆಯ ಉಬ್ಬು ತಗ್ಗು ಆಗ ಚೆನ್ನಾಗಿ ಕಾಣುತ್ತದೆ.

ಹೆಂಚಿನಿಂದ ಶುರು ಮಾಡೋಣ, ಯಾಕೆಂದರೆ ಜನ ಹೆಚ್ಚು ಮೋಸ ಹೋಗುವುದು ಅಲ್ಲೇ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಲ್ಬುಕರ್ಕ್ ಕಾರ್ಖಾನೆ ಶುರುವಾಗಿದ್ದು 1868ರಲ್ಲಿ. ಹೆಂಚಿನ ಮೇಲೆ ಒತ್ತಿದ ಇಸವಿ ಕಾರ್ಖಾನೆ ಹುಟ್ಟಿದ ವರ್ಷ. ಹೆಂಚು ಸುಟ್ಟ ವರ್ಷ ಅಲ್ಲ, ನಿಮ್ಮ ಮನೆ ಕಟ್ಟಿದ ವರ್ಷವಂತೂ ಅಲ್ಲವೇ ಅಲ್ಲ. ಹಾಗಂತ ಹೆಂಚು ಕೆಲಸಕ್ಕೆ ಬಾರದ್ದೇನಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕೈ ಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿಗೆ ಬಂದವು. ಹಾಗಾಗಿ ಒಂದು ಹೆಂಚಿನಲ್ಲಿ ಯಾವ ಹೆಸರಿದೆ ಅನ್ನುವುದು ಅದರ ಕಾಲವನ್ನು ಸುಮಾರಾಗಿ ಹೇಳುತ್ತದೆ. ಆದರೆ ಹೆಂಚು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ವಸ್ತು. ಹಳೇ ಮನೆ ಬಿಚ್ಚಿದಾಗ ಮಾರುತ್ತಾರೆ, ಯಾರೋ ಬಚ್ಚಲಿಗೆ ಹೊದಿಸುತ್ತಾರೆ. ಇಡೀ ಮಾಡಿನ ಮೇಲೆ ಒಂದೇ ಹೆಸರಿನ ಹೆಂಚು ಇದ್ದರೆ ಮಾತ್ರ ನಂಬಿ. ನಾಲ್ಕು ಹೆಸರು ಬೆರೆತಿದ್ದರೆ ನಂಬಬೇಡಿ.

ಮೇಲಿನ ಚಾವಣಿ ನೋಡಿ. ಮರದ ತೊಲೆ, ಅದರ ಮೇಲೆ ಅಡ್ಡಡ್ಡ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಇದು ಮದ್ರಾಸ್ ತಾರಸಿ. ಅದೇ ಮನೆಯ ಒಂದು ಕೋಣೆಗೆ ಮಾತ್ರ ಕಾಂಕ್ರೀಟ್ ಮೋಲ್ಡ್ ಇದ್ದರೆ ಆ ಕೋಣೆ ಆಮೇಲೆ ಸೇರಿದ್ದು. ಮರದ ಬದಲು ಕಬ್ಬಿಣದ ತೊಲೆ ಇದ್ದರೆ ಏಣಿ ಹಾಕಿ ಅದರ ಪಕ್ಕದ ಮೈ ನೋಡಿ. ಡಾರ್ಮನ್ ಲಾಂಗ್ ಅಂತಿದ್ದರೆ ಇಂಗ್ಲೆಂಡಿನಿಂದ ಬಂದದ್ದು. ಟಾಟಾ ಅಂತಿದ್ದರೆ ಜಮ್‌ಶೆಡ್‌ಪುರದ್ದು, ಅಂದರೆ 1912ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇಂಥ ಒಂದು ಅಕ್ಷರ ಸಿಕ್ಕರೂ ಸಾಕು, ‘ಇದಕ್ಕಿಂತ ಹಿಂದೆ ಇಲ್ಲ’ ಅಂತ ಒಂದು ಗೆರೆ ಎಳೆಯಬಹುದು.

ನೆಲವನ್ನು ಕೋಣೆ ಕೋಣೆಯಾಗಿ ಬರೆದುಕೊಳ್ಳಿ. ಎಲ್ಲಿ ಕಾವಿ ನೆಲ, ಎಲ್ಲಿ ಕಲ್ಲು ಚಪ್ಪಡಿ, ಎಲ್ಲಿ ಮೊಸಾಯಿಕ್. ಎರಡು ಬಣ್ಣದ ನೆಲ ಸೇರುವ ಗೆರೆಯಲ್ಲಿ ಹಿಂದೆ ಗೋಡೆಯೋ ಹೊಸ್ತಿಲೋ ಇದ್ದಿರುವ ಸಾಧ್ಯತೆ ಹೆಚ್ಚು. ನೀರು, ದೀಪದ ಗುರುತುಗಳನ್ನೂ ಹುಡುಕಿ. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1933ರಲ್ಲಿ, ಕಾವೇರಿ ನೀರು 1974ರಲ್ಲಿ. ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹೊತ್ತಿದ್ದು 1905ರಲ್ಲಿ. ಮನೆಮನೆಗೆ ಬರಲು ಇನ್ನೂ ಕಾಲ ಹಿಡಿಯಿತು. ಗೋಡೆಯ ಮೇಲೆ ಮರದ ಪಟ್ಟಿಯೊಳಗೆ ಓಡುವ ವೈರು, ಗುಂಡನೆಯ ಕರೀ ಸ್ವಿಚ್ಚು ಇನ್ನೂ ಇದ್ದರೆ ಬಿಚ್ಚಿಸುವ ಮೊದಲು ಫೋಟೋ ತೆಗೆಯಿರಿ.

ಕೊನೆಗೆ ಒಂದು ನಕ್ಷೆ ಬರೆಯಿರಿ. ಅಂದ ಬೇಡ, ಅಳತೆ ಸರಿಯಿದ್ದರೆ ಸಾಕು. ಗೋಡೆಯ ದಪ್ಪವನ್ನು ತಪ್ಪದೆ ಅಳೆಯಿರಿ. ದಪ್ಪ ಗೋಡೆಯ ಮಧ್ಯೆ ಇದ್ದಕ್ಕಿದ್ದಂತೆ ಅರ್ಧ ದಪ್ಪದ ಗೋಡೆ ಬಂದರೆ ಅಲ್ಲಿ ಅಣ್ಣತಮ್ಮಂದಿರ ಪಾಲಾಗಿದೆ ಅಂತಲೇ ಊಹಿಸಿ ಹುಡುಕಲು ಶುರು ಮಾಡಬಹುದು.

ಟ್ರಂಕಿನ ಕಾಗದಗಳು

ಅಟ್ಟದ ಮೇಲೆ ಒಂದು ಟ್ರಂಕು ಇದ್ದೇ ಇರುತ್ತದೆ. ಅದರಲ್ಲಿ ಕ್ರಯಪತ್ರ ಇಲ್ಲದಿದ್ದರೂ ಬೇಜಾರು ಬೇಡ. ಲಗ್ನಪತ್ರಿಕೆ, ಪೋಸ್ಟ್‌ಕಾರ್ಡು, ಕಂದಾಯ ರಸೀದಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಶಾಲೆಯ ಟಿಸಿ, ಇವೆಲ್ಲ ಸಾಕ್ಷಿಗಳೇ. ಯಾಕೆಂದರೆ ಇವುಗಳ ಮೇಲೆ ವಿಳಾಸ ಇರುತ್ತದೆ.

ವಿಳಾಸ ನೋಡಿಯೇ ಕಾಲ ಹೇಳಬಹುದು. ‘560 004’ ಅಂತಿದ್ದರೆ 1972ರ ಆಗಸ್ಟ್ 15ರ ನಂತರದ್ದು, ಪಿನ್‌ಕೋಡ್ ಬಂದದ್ದೇ ಅವತ್ತು. ಸುಮ್ನೆ ‘ಬೆಂಗಳೂರು-4’ ಅಂತಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ‘ಮೈಸೂರು ಸ್ಟೇಟ್’ ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದೆ ಅಚ್ಚಾಗಿರಬೇಕು. ರಸೀದಿಯಲ್ಲಿ ಆಣೆ, ಪೈ ಇದ್ದರೆ 1957ರ ಆಚೀಚೆಗಿಂತ ಈಚಿನದಲ್ಲ. ನೀರಿನ ಬಿಲ್ಲಿನ ಮೇಲೆ ಜಲಮಂಡಳಿಯ ಹೆಸರಿದ್ದರೆ 1964ರ ನಂತರದ್ದು. ಕರೆಂಟ್ ಬಿಲ್ಲಿನಲ್ಲಿ ಬೆಸ್ಕಾಂ ಅಂತಿದ್ದರೆ 2002ರಿಂದ ಈಚೆಗೆ. ರಸ್ತೆಯ ಹೆಸರನ್ನೂ ಗಮನಿಸಿ. ಈಗಿನ ಡಿವಿಜಿ ರಸ್ತೆ ಹಿಂದೆ ನಾಗಸಂದ್ರ ರಸ್ತೆಯಾಗಿತ್ತು. ಹಳೇ ಹೆಸರು ಗೊತ್ತಿಲ್ಲದೆ ಹುಡುಕಿದರೆ ಮುಂದೆ ಯಾವ ಸೂಚಿಯಲ್ಲೂ ನಿಮ್ಮ ಮನೆ ಸಿಗುವುದಿಲ್ಲ.

ಇನ್ನು ಸಂವತ್ಸರ. ಹಳೇ ಲಗ್ನಪತ್ರಿಕೆ, ಕಾಗದಪತ್ರಗಳಲ್ಲಿ ಇಸವಿ ಇರುವುದಿಲ್ಲ. ಸಂವತ್ಸರ, ಮಾಸ, ತಿಥಿ ಮಾತ್ರ ಇರುತ್ತವೆ. ಹೆದರಬೇಡಿ, ಲೆಕ್ಕ ಸುಲಭ. ಪ್ರಭವ ಸಂವತ್ಸರ ಬಂದದ್ದು 1867, 1927 ಮತ್ತು 1987ರ ಯುಗಾದಿಗೆ. ಅರವತ್ತರ ಪಟ್ಟಿಯಲ್ಲಿ ನಿಮ್ಮ ಸಂವತ್ಸರ ಎಷ್ಟನೆಯದು ನೋಡಿ, ಅದರಲ್ಲಿ ಒಂದು ಕಳೆದು ಈ ಇಸವಿಗಳಿಗೆ ಕೂಡಿಸಿ. ನಮ್ಮ ತಾತನ ಲಗ್ನಪತ್ರಿಕೆ ಸಿಕ್ಕಿತು, ಮಡಿಕೆಯ ಗೆರೆಯಲ್ಲಿ ಅರಿಶಿನ ಇನ್ನೂ ಅಂಟಿಕೊಂಡಿತ್ತು. ಅದರಲ್ಲಿ ‘ಸಾಧಾರಣ ನಾಮ ಸಂವತ್ಸರ’ ಅಂತಿತ್ತು. ಸಾಧಾರಣ 44ನೆಯದು. 1867ಕ್ಕೆ 43 ಕೂಡಿಸಿದರೆ 1910. ಅಂದರೆ 1910ರ ಯುಗಾದಿಯಿಂದ 1911ರ ಯುಗಾದಿಯವರೆಗಿನ ವರ್ಷ. ಇನ್ನೊಂದು ಸಾಧ್ಯತೆ 1970, ಅಷ್ಟು ಹೊತ್ತಿಗೆ ತಾತನಿಗೆ ಮೊಮ್ಮಕ್ಕಳಾಗಿದ್ದರು. ಮಾಘ, ಫಾಲ್ಗುಣದ ತಿಥಿ ಇದ್ದರೆ ಅದು ಮುಂದಿನ ಇಸವಿಗೆ ಬೀಳುತ್ತದೆ, ಅಲ್ಲಿ ಮಾತ್ರ ಎಚ್ಚರ.

ಆದರೆ ಲಗ್ನಪತ್ರಿಕೆಯಲ್ಲಿ ಇನ್ನೊಂದು ಸಂಗತಿ ಇತ್ತು. ವಿಳಾಸ ಬಸವನಗುಡಿಯದಲ್ಲ. ಅರಳೇಪೇಟೆಯದು. ಅತ್ತೆಯ ಮಾತಿಗೂ ಕಾಗದಕ್ಕೂ ತಾಳೆ ಆಗಲಿಲ್ಲ. ಅತ್ತೆ ತಪ್ಪು ಅಂತ ಅಲ್ಲಿಗೇ ಮುಚ್ಚಿಬಿಡಬಹುದಿತ್ತು. ಹಾಗೆ ಮಾಡದೆ ಪೆನ್ಸಿಲ್ಲಿನಲ್ಲಿ ‘ನೋಡಬೇಕು’ ಅಂತ ಬರೆದಿಟ್ಟೆ. ನೀವೂ ಹಾಗೇ ಮಾಡಿ.

ಕ್ರಯಪತ್ರ ಓದುವುದು

ಹಳೇ ಪತ್ರ ಕೈಗೆ ಬಂದರೆ ಕೂಡಲೇ ಬಿಡಿಸಬೇಡಿ. ಮಡಿಕೆಯಲ್ಲಿ ಒಡೆದುಹೋಗುತ್ತದೆ. ಮೇಜಿನ ಮೇಲಿಟ್ಟು ನಿಧಾನಕ್ಕೆ ಬಿಚ್ಚಿ, ಫೋಟೋ ತೆಗೆದು, ಫೋಟೋ ನೋಡಿಕೊಂಡು ಓದಿ. ಸೆಲ್ಲೋಟೇಪು ಹಚ್ಚಲೇಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಭಾಷೆ ಮೊದಲು ತೊಡಕು ಅನಿಸುತ್ತದೆ, ಎರಡು ಪತ್ರ ಓದುವಷ್ಟರಲ್ಲಿ ಸಲೀಸಾಗುತ್ತದೆ. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ‘ಭೋಗ್ಯ’ ಅಂದರೆ ಸಾಲದ ಬಡ್ಡಿಗೆ ಬದಲಾಗಿ ಮನೆಯನ್ನೇ ಅನುಭವಿಸಲು ಬಿಟ್ಟುಕೊಟ್ಟದ್ದು. ಹೆಂಗಸರ ಹೆಸರು ಎಲ್ಲಿ ಬರುತ್ತದೆ, ಯಾವ ಪಾತ್ರದಲ್ಲಿ ಬರುತ್ತದೆ ಅಂತ ಗಮನ ಕೊಟ್ಟು ನೋಡಿ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1933ರಲ್ಲಿ. ಅದರ ಹಿಂದಿನ ಪಾಲು ಪತ್ರಗಳಿಗೂ ಮುಂದಿನವಕ್ಕೂ ವ್ಯತ್ಯಾಸ ಕಾಣುತ್ತದೆ. 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳ ಸಹಿ ಇರುವ ಹಕ್ಕು ಬಿಡುಗಡೆ ಪತ್ರಗಳು ಹೆಚ್ಚಾದವು. ನಮ್ಮ ಮನೆಯ ಅಂಥ ಒಂದು ಪತ್ರದಲ್ಲಿ ಅತ್ತೆಯ ಸಹಿ ಇದೆ. ಯಾವ ದಿನ, ಎಷ್ಟು ಹೊತ್ತಿಗೆ ಕಚೇರಿಗೆ ಕರೆದುಕೊಂಡು ಹೋದರು, ಅವತ್ತು ಯಾವ ಸೀರೆ ಉಟ್ಟಿದ್ದೆ ಅಂತ ಅವರಿಗೆ ಇನ್ನೂ ನೆನಪಿದೆ.

ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಕೊನೆಯ ಭಾಗ. ಅದೇ ಚಕ್ಕುಬಂದಿ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಗಲ್ಲಿ. ಬಹಳ ಜನ ಇದನ್ನು ಓದುವುದೇ ಇಲ್ಲ, ಯಾರಿಂದ ಯಾರಿಗೆ, ಎಷ್ಟು ರೂಪಾಯಿಗೆ ಅಂತ ನೋಡಿ ಮಡಚಿಡುತ್ತಾರೆ. ಮನೆ ನಂಬರು ಬದಲಾಗುತ್ತದೆ, ರಸ್ತೆಯ ಹೆಸರು ಬದಲಾಗುತ್ತದೆ. ಅಕ್ಕಪಕ್ಕದವರ ಹೆಸರನ್ನು ಒಂದರ ಪಕ್ಕ ಒಂದು ಇಟ್ಟರೆ ಮಾತ್ರ ಇದೇ ಜಾಗ ಅಂತ ಗಟ್ಟಿಯಾಗುತ್ತದೆ.

ಈಗ ಪಕ್ಕದ ಮನೆಯ ಕಥೆ. ನಮ್ಮ ಮನೆಯ ಮೂಲಪತ್ರ ಕಳೆದುಹೋಗಿದೆ. ಆದರೆ ನಮ್ಮ ಮನೆ ಪೂರ್ವದ ಮನೆಯವರ ಚಕ್ಕುಬಂದಿಯಲ್ಲಿ ಇರಲೇಬೇಕಲ್ವಾ? ಅವರ ಮನೆಗೆ ಹೋಗಿ ಕೇಳಿದೆ. ಆ ಮನೆಯ ಅಜ್ಜಿ ಬೀರುವಿನಿಂದ ಒಂದು ಬಟ್ಟೆಯ ಗಂಟು ತೆಗೆದುಕೊಟ್ಟರು. ಅದರಲ್ಲಿ ಎರಡು ಪತ್ರ. 1911ರ ಕ್ರಯಪತ್ರದಲ್ಲಿ ‘ಪಶ್ಚಿಮಕ್ಕೆ ಖಾಲಿ ನಿವೇಶನ’. 1914ರ ಅಡಮಾನ ಪತ್ರದಲ್ಲಿ ಅದೇ ಪಶ್ಚಿಮಕ್ಕೆ ನಮ್ಮ ಮುತ್ತಾತನ ಹೆಸರು, ಅದರ ಮುಂದೆ ‘ರವರ ಹೆಂಚಿನ ಮನೆ’. ಅಷ್ಟೇ. ಮೂರು ಪದ. ನಾನು ಎರಡು ವರ್ಷ ಹುಡುಕಿದ ಉತ್ತರ ಅದರಲ್ಲಿತ್ತು. ಮನೆ ಎದ್ದದ್ದು ಆ ಮೂರು ವರ್ಷದ ಒಳಗೆ.

ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಇಲ್ಲಿ ಆಗಿದ್ದು ಪ್ರಸ್ತ ಇರ್ಬೇಕು. ಅಮ್ಮನಿಗೆ ಮದುವೇಲಿ ಹತ್ತೋ ಹನ್ನೊಂದೋ’ ಅಂದರು. ಪ್ರಸ್ತ ಅಂದರೆ ಹುಡುಗಿ ದೊಡ್ಡವಳಾದ ಮೇಲೆ ಮಾಡುವ ಶೋಭನ. ಆ ಕಾಲದಲ್ಲಿ ಮದುವೆಗೂ ಪ್ರಸ್ತಕ್ಕೂ ನಡುವೆ ಮೂರ್ನಾಲ್ಕು ವರ್ಷ ಅಂತರ ಇರುತ್ತಿತ್ತು. ಅಜ್ಜಿ ತನ್ನ ಮಗಳಿಗೆ ಹೇಳಿದ ನೆನಪಿನಲ್ಲಿ ಎರಡು ಸಮಾರಂಭ ಒಂದಾಗಿಬಿಟ್ಟಿದ್ದವು. ಅತ್ತೆಯ ಮಾತನ್ನು ಅಳಿಸಿಹಾಕಿದ್ದರೆ ಇದು ಸಿಗುತ್ತಿರಲಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿ

ನೋಂದಣಿ ಇಲಾಖೆಯ ‘ಕಾವೇರಿ’ ಆನ್‌ಲೈನ್ ಸೇವೆಯಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಹೇಳುವ ಇಸಿ, ಮನೆಯಲ್ಲೇ ಕೂತು ತೆಗೆಯಬಹುದು. ಅದರ ಹಿಂದಿನದಕ್ಕೆ ಕಚೇರಿಗೇ ಅರ್ಜಿ ಕೊಡಬೇಕು. ಒಂದು ಮಾತು ನೆನಪಿಡಿ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ತಾತ ತೀರಿಕೊಂಡ ಮೇಲೆ ಪತ್ರವೇ ಇಲ್ಲದೆ ಮಕ್ಕಳಿಗೆ ಬಂದ ಮನೆ ಅದರಲ್ಲಿ ಕಾಣುವುದಿಲ್ಲ. ಇಸಿ ಖಾಲಿ ಬಂತು ಅಂದರೆ ಏನೂ ನಡೆದಿಲ್ಲ ಅಂತ ಅರ್ಥ ಅಲ್ಲ.

1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೆಸರಿನ ಪ್ರಕಾರ ಒಂದು ಸೂಚಿ, ಆಸ್ತಿಯ ಪ್ರಕಾರ ಇನ್ನೊಂದು ಸೂಚಿ ಇರುತ್ತದೆ. ಮುತ್ತಾತನ ಹೆಸರು ಗೊತ್ತಿದ್ದರೆ ಹೆಸರಿನ ಸೂಚಿಯಿಂದ ಶುರು ಮಾಡಿ. ವಿಲ್ ಇರುವುದು 3ನೇ ಪುಸ್ತಕದಲ್ಲಿ. ವಿಲ್ ಬರೆದವರು ತೀರಿಕೊಂಡಿದ್ದರೆ ಅದರ ನಕಲೂ ಸಿಗುತ್ತದೆ. ಮರಣ ಪ್ರಮಾಣಪತ್ರ ಜೊತೆಗೆ ಒಯ್ಯಿರಿ.

ಹೋಗುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಹಳೇ ಮನೆ ನಂಬರುಗಳೆಲ್ಲ, ರಸ್ತೆಯ ಹಳೇ ಹೊಸ ಹೆಸರು, ತಂದೆಯ ಹೆಸರಿನ ಸಮೇತ ಹಿರಿಯರ ಹೆಸರು, ಆ ಹೆಸರನ್ನು ಬೇರೆ ಬೇರೆ ರೀತಿ ಬರೆಯಬಹುದಾದ ರೂಪ. ನಾನು ಮೊದಲ ಸಲ ಈಗಿನ ನಂಬರು ಮಾತ್ರ ಹಿಡಿದು ಹೋಗಿ ಒಂದು ಪೂರ್ತಿ ದಿನ ಕಳೆದುಕೊಂಡೆ. ಕಚೇರಿಗಳ ವ್ಯಾಪ್ತಿ ಎಷ್ಟೋ ಸಲ ಬದಲಾಗಿದೆ, ನಿಮ್ಮ ಹಳೇ ಪುಸ್ತಕ ಈಗ ಬೇರೆ ಕಚೇರಿಯಲ್ಲಿರಬಹುದು. ಎಲ್ಲಿದೆ ಅಂತ ಕೇಳಿಕೊಂಡೇ ಅರ್ಜಿ ಬರೆಯಿರಿ. ಸೋಮವಾರ ಬೇಡ, ಮುಹೂರ್ತ ಜೋರಾಗಿರುವ ದಿನವೂ ಬೇಡ. ನೋಂದಣಿಗೆ ಬಂದವರ ಸಾಲೇ ಬಾಗಿಲ ತನಕ ಇರುತ್ತದೆ. ನಿಮ್ಮ ಕೆಲಸ ಪುರುಸೊತ್ತಿನಲ್ಲಿ ಆಗಬೇಕಾದ್ದು.

ಪಾಲಿಕೆಯ ಖಾತಾ

ಖಾತಾ ಅಂದರೆ ತೆರಿಗೆ ಲೆಕ್ಕ, ಮಾಲೀಕತ್ವದ ಪತ್ರ ಅಲ್ಲ. ಆದರೂ ಚರಿತ್ರೆಗೆ ಬೇಕು. ಹಳೇ ಕಂದಾಯದ ದಾಖಲೆಯಲ್ಲಿ ಮನೆಗೆ ಎಷ್ಟು ತೆರಿಗೆ ಹಾಕಿದ್ದರು ಅಂತ ಇರುತ್ತದೆ. ಒಂದು ವರ್ಷ ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಮಹಡಿ ಎದ್ದಿದೆಯಾ, ಬಾಡಿಗೆಗೆ ಕೊಟ್ಟರಾ ಅಂತ ನೋಡಬೇಕು. ಬೆಂಗಳೂರಿನಲ್ಲಿ ಆಡಳಿತವೇ ಹಲವು ಸಲ ಬದಲಾಗಿದೆ. 1949ರಲ್ಲಿ ಸಿಟಿ ಮತ್ತು ದಂಡು ಪ್ರದೇಶದ ಮುನಿಸಿಪಾಲಿಟಿಗಳು ಸೇರಿ ಕಾರ್ಪೊರೇಷನ್ ಆಯಿತು. 2007ರಲ್ಲಿ ಬಿಬಿಎಂಪಿ, 2025ರಲ್ಲಿ ಅದೂ ಹೋಗಿ ಐದು ಪಾಲಿಕೆ. ಪ್ರತಿ ಸಲವೂ ಕಡತಗಳು ಓಡಾಡುತ್ತವೆ. ಈಗ ನಿಮ್ಮ ವಾರ್ಡು ಯಾವ ಪಾಲಿಕೆಯಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ.

ಬಡಾವಣೆಯ ಕಥೆ ಗೊತ್ತಿರಲಿ

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ. ಪೇಟೆಯ ಇಕ್ಕಟ್ಟು ಬೀದಿಗಳಿಂದ ಜನ ಹೊರಗೆ ಬಂದರು. ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು ಅದರ ನಂತರ. ಅಗಲ ರಸ್ತೆ, ಗಾಳಿ ಬೆಳಕು, ಹಿಂದೆ ಗಲ್ಲಿ, ಇವೆಲ್ಲ ರೋಗ ಹರಡದಿರಲಿ ಅಂತ ಮಾಡಿದ ಯೋಜನೆ. ಹಾಗಾಗಿಯೇ ಈ ಕಡೆಯ ಮನೆಮನೆಯಲ್ಲೂ ‘ಪ್ಲೇಗ್ ವರ್ಷದ ಮನೆ’ ಅನ್ನುವ ಮಾತಿದೆ. ಎಲ್ಲರೂ ಅದೇ ವರ್ಷ ಕಟ್ಟಿರಲು ಸಾಧ್ಯವಿಲ್ಲ. ದೊಡ್ಡಪ್ಪನ ಮಾತಿನಲ್ಲೂ ನಿಜ ಇತ್ತು. ಪ್ಲೇಗ್ ವರ್ಷದಲ್ಲಿ ನಮ್ಮವರು ಪೇಟೆ ಬಿಟ್ಟು ಶೆಡ್ಡಿಗೆ ಹೋಗಿದ್ದರು, ಮತ್ತೆ ಅರಳೇಪೇಟೆಗೆ ವಾಪಸು ಬಂದರು, ಹತ್ತಾರು ವರ್ಷ ಆದಮೇಲೆ ಇಲ್ಲಿ ಕಟ್ಟಿದರು. ಆ ಕಾಲದ ಬಡಾವಣೆಗಳಲ್ಲಿ ಜಾತಿ ನೋಡಿ ಸೈಟು ಹಂಚಿದ್ದೂ ಉಂಟು. ನಿಮ್ಮ ಹಿರಿಯರಿಗೆ ಅಲ್ಲೇ ಯಾಕೆ ಸೈಟು ಸಿಕ್ಕಿತು, ಬೇರೆಯವರಿಗೆ ಯಾಕೆ ಸಿಗಲಿಲ್ಲ ಅನ್ನುವುದನ್ನೂ ಬರೆಯಿರಿ.

ಇದಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರ ಇದೆ, ವಿಧಾನಸೌಧದಲ್ಲಿ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳು ಅಲ್ಲಿ ಸಿಗುತ್ತವೆ. ಗುರುತಿನ ಚೀಟಿ ಮತ್ತು ಅರ್ಜಿ ಬೇಕು. ನಿಮ್ಮ ಮನೆಯ ಹೆಸರಲ್ಲಿ ಕಡತ ಕೇಳಬೇಡಿ, ಸಿಗುವುದಿಲ್ಲ. ಮುನಿಸಿಪಲ್, ಪ್ಲೇಗ್, ಬಡಾವಣೆ ಅಂತ ವಿಷಯ ಹಿಡಿದು ಕೇಳಿ. 1909ರಲ್ಲಿ ಶುರುವಾದ, ಈಗ ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯ ಗ್ರಂಥಾಲಯವೂ ಒಳ್ಳೆಯದು.

ಬೇರೆ ಊರಿನ ಮನೆಯಾದರೆ

ನಿಮ್ಮ ಊರು 1956ಕ್ಕಿಂತ ಮುಂಚೆ ಯಾವ ಆಡಳಿತದಲ್ಲಿತ್ತು ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯಲ್ಲಿ ಮುಂಬೈ ಪ್ರಾಂತ್ಯದ ಪದ್ಧತಿ. ಅಲ್ಲಿ ಸಿಟಿ ಸರ್ವೆ ನಂಬರು ಹಿಡಿದು ಸಿಟಿ ಸರ್ವೆ ಕಚೇರಿಯಲ್ಲಿ ಉತಾರ (ದಾಖಲೆಯ ನಕಲು) ಕೇಳಿ. ಹಳೇ ಕಾಗದ ಮೋಡಿ ಲಿಪಿಯಲ್ಲಿ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರ) ಇದ್ದರೆ ಓದಬಲ್ಲವರನ್ನು ಹುಡುಕಬೇಕು. ಕಲಬುರಗಿ, ಬೀದರ, ರಾಯಚೂರಿನ ಕಡೆ ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಮದ್ರಾಸ್ ಪ್ರಾಂತ್ಯದ ಲೆಕ್ಕ, ಮೂಲಗೇಣಿ (ಕಾಯಂ ಗೇಣಿ) ಪತ್ರಗಳು ಸಿಗಬಹುದು. ಪತ್ರಾಗಾರ ಇಲಾಖೆಯ ಕಚೇರಿ ಮೈಸೂರು, ಧಾರವಾಡದಲ್ಲೂ ಇದೆ. ಹಳೇ ಮೈಸೂರು ಸೀಮೆಯ ದೊಡ್ಡ ಮನೆಗಳಲ್ಲಿ ಕಡತವೇ ಸಿಗುವುದುಂಟು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿ, ಬಳಪದಲ್ಲಿ ಬರೆದು ಪುಸ್ತಕದ ಹಾಗೆ ಮಡಚಿಟ್ಟದ್ದು. ಕೈಯಿಂದ ಒರೆಸಿದರೆ ಅಕ್ಷರ ಹೋಗುತ್ತದೆ. ಧೂಳು ಇದ್ದರೂ ಮುಟ್ಟದೆ ಫೋಟೋ ತೆಗೆಯಿರಿ.

ಹಳ್ಳಿಯ ಮನೆಯಾದರೆ ಹೆಳವರನ್ನು ಕೇಳಿ. ಎತ್ತಿನ ಮೇಲೆ ಕೂತು ಮನೆಮನೆಗೆ ಬಂದು ವಂಶಾವಳಿ ಹೇಳುವವರು. ಈ ಮನೆತನ ಯಾವ ಊರಿಂದ ಬಂತು, ಯಾರಿಗೆ ಎಷ್ಟು ಮಕ್ಕಳು ಅಂತ ತಲೆಮಾರಿನಿಂದ ಬರೆದಿಟ್ಟುಕೊಂಡಿರುತ್ತಾರೆ. ಎಲ್ಲ ಮನೆತನಕ್ಕೂ ಹೆಳವರು ಇರುವುದಿಲ್ಲ, ಇದ್ದವರು ಪುಣ್ಯವಂತರು. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಬಂದಾಗ ದವಸ ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿ ಪೂರ್ತಿ ಹೇಳಿಸಿ.

ಬರೆದಿಡುವುದು

ಒಂದು ಪುಸ್ತಕ, ಎಡಗಡೆ ಇಸವಿ, ಮಧ್ಯೆ ಸಂಗತಿ, ಬಲಗಡೆ ‘ಯಾರು ಹೇಳಿದರು ಅಥವಾ ಯಾವ ಕಾಗದ’. ಬಲಗಡೆಯ ಸಾಲು ಖಾಲಿ ಬಿಡಬೇಡಿ. ಕಾಗದ ಇರುವ ಸಂಗತಿಯನ್ನು ಪೆನ್ನಿನಲ್ಲಿ, ಬಾಯಿಮಾತಿನದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಎರಡೂ ತಾಳೆಯಾಗದಿದ್ದರೆ ಎರಡನ್ನೂ ಉಳಿಸಿ. ಭೋಗ್ಯಕ್ಕೆ ಹೋದದ್ದು, ಅಣ್ಣತಮ್ಮಂದಿರ ಕೋರ್ಟು ಕೇಸು, ಇಂಥವು ಸಿಕ್ಕೇ ಸಿಗುತ್ತವೆ. ಬದುಕಿರುವವರಿಗೆ ನೋವಾಗುವ ಸಂಗತಿಯಾದರೆ ಅವರಿಗೆ ಮೊದಲು ತೋರಿಸಿ, ಆಮೇಲೆ ಹಂಚಿ. ವಿದೇಶದಲ್ಲಿರುವ ಅಣ್ಣತಂಗಿಯರಿಗೆ ಸ್ಕ್ಯಾನ್ ಮಾಡಿ ಕಳಿಸಿದರೆ ಅವರ ಆಲ್ಬಮ್ಮಿನಿಂದ ನಿಮ್ಮಲ್ಲಿಲ್ಲದ ಫೋಟೋ ಬರುತ್ತದೆ. ನನಗೆ ಹಾಗೇ ಬಂತು, ಹಿಂದಿನ ಬಾವಿಯ ಫೋಟೋ. ಪಕ್ಕದ ಮನೆಯವರಿಗೂ ಒಂದು ಪ್ರತಿ ಕೊಡಿ. ಅವರ ಚರಿತ್ರೆಯೂ ನಿಮ್ಮ ಪುಸ್ತಕದಲ್ಲಿದೆ.

ಮನೆ ಕೆಡವುವುದು ಖಾತ್ರಿಯಾಗಿದ್ದರೆ

ಬಸವನಗುಡಿಯಲ್ಲಿ ಈಗ ಹೆಚ್ಚಿನವರ ಪಾಡು ಇದೇ. ಪಾಲುದಾರರು ಜಾಸ್ತಿ, ಜಾಗದ ಬೆಲೆ ಜಾಸ್ತಿ, ರಿಪೇರಿಯ ಖರ್ಚು ಒಬ್ಬರ ತಲೆಯ ಮೇಲೆ. ಮಾರಬೇಡಿ ಅಂತ ಹೇಳಲು ನನಗೆ ಹಕ್ಕಿಲ್ಲ. ಆದರೆ ಜೆಸಿಬಿ ಬರುವ ಮುಂಚೆ ಒಂದು ವಾರ ಕೇಳಿ ತೆಗೆದುಕೊಳ್ಳಿ.

ಮೊದಲ ದಿನ ಪ್ರತಿ ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿಯ ಫೋಟೋ. ಪ್ರತಿ ಫೋಟೋದಲ್ಲೂ ಒಂದು ಅಡಿ ಸ್ಕೇಲು ಕಾಣಲಿ. ಆಮೇಲೆ ಬಾಗಿಲು, ಕಿಟಕಿ, ಮಾಂಕಿ ಟಾಪಿನ ಪಟ್ಟಿಗಳ ಅಳತೆ. ಸದ್ದನ್ನೂ ಹಿಡಿದಿಡಿ: ಮುಂಬಾಗಿಲ ಚಿಲಕ, ಅಟ್ಟದ ಏಣಿ, ಬಾವಿಯ ರಾಟೆ. ನೆಂಟರನ್ನೆಲ್ಲ ಒಂದು ಭಾನುವಾರ ಕರೆದು ಅಲ್ಲೇ ಅಡಿಗೆ ಮಾಡಿ ಊಟ ಹಾಕಿ, ಮಾತಾಡಲು ಬಿಡಿ, ರೆಕಾರ್ಡ್ ಮಾಡಿ. ಹಳೇ ಕಟ್ಟಡಗಳ ಪರಂಪರೆ ಕಾಪಾಡುವ ಇನ್‌ಟ್ಯಾಕ್‌ನಂಥ ಸಂಸ್ಥೆಯವರಿಗೆ ಮುಂಚೆಯೇ ತಿಳಿಸಿದರೆ ದಾಖಲೆ ಮಾಡಲು ಯಾರಾದರೂ ಬರಬಹುದು.

ಕೆಡವುವ ದಿನ ಒಬ್ಬರಾದರೂ ಅಲ್ಲಿರಿ. ಗೋಡೆ ಬಿದ್ದಾಗ ಮಾತ್ರ ಕಾಣುವ ಸಂಗತಿಗಳಿವೆ. ಒಳಗೆ ಮುಚ್ಚಿಹೋದ ಗೂಡು, ಪಾಯದ ಕಲ್ಲು, ಸುಣ್ಣದ ಕೆಳಗೆ ಸುಣ್ಣ ಏಳೆಂಟು ಪದರ. ತೊಲೆ ಇಳಿಸುವವರಿಗೆ ಮೊದಲೇ ಹೇಳಿಟ್ಟರೆ ಗುರುತು ಇರುವ ಕಡೆ ಕೂಗಿ ಕರೆಯುತ್ತಾರೆ, ಅವರಿಗೂ ಇದರಲ್ಲಿ ಆಸಕ್ತಿ ಇರುತ್ತದೆ. ಒಂದು ಹೆಂಚು, ಒಂದು ಇಟ್ಟಿಗೆ, ಬಾಗಿಲ ನಂಬರಿನ ತಗಡು ಎತ್ತಿಟ್ಟುಕೊಳ್ಳಿ. ತಗಡಿನ ಹಿಂಬದಿಯನ್ನು ತಿರುಗಿಸಿ ನೋಡುವುದು ಮರೆಯಬೇಡಿ. ನಮ್ಮದರ ಕೆಳಗೆ ಇನ್ನೊಂದು ತಗಡಿತ್ತು, ಅದರ ಮೇಲೆ ಯಾವ ಕಾಗದದಲ್ಲೂ ಇಲ್ಲದ ನಂಬರು.